ಬಾಡಿಗೆ ಅಂಗಡಿ ಬಿಡುವಾಗ ಓವನ್ ಯಾರದ್ದು?

ದಾವಣಗೆರೆಯಲ್ಲಿ ನಾನು ಬೇಕರಿ ಖಾಲಿ ಮಾಡುವಾಗ ಕಟ್ಟಡದ ಮಾಲೀಕರು ಓವನ್ ಮುಂದೆ ನಿಂತರು. ‘ನೆಲಕ್ಕೆ ಬೋಲ್ಟ್ ಹಾಕಿದ ಮೇಲೆ ಅದು ಕಟ್ಟಡಕ್ಕೇ ಸೇರಿತು’ ಎಂದರು. ಹಾಗಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರ ತಾನು ಕೂರಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು. ಆದರೆ ಜಾಗ ಇನ್ನೂ ನಿಮ್ಮ ವಶದಲ್ಲಿರಬೇಕು. ಅದಕ್ಕೇ ಮೊದಲು ಸಾಮಾನು ಸಾಗಿಸಿ, ಆಮೇಲೆ ಬೀಗದ ಕೈ ಕೊಡಿ. ಬೋಲ್ಟ್ ಕಿತ್ತ ನಾಲ್ಕೂ ತೂತಿಗೆ ನಾನು ಸಿಮೆಂಟ್ ತುಂಬಿಸಿದೆ. ಜಾಗವನ್ನು ಮೊದಲಿದ್ದ ಹಾಗೇ ಒಪ್ಪಿಸಬೇಕಲ್ವಾ?

ಕರಾರು ಬರೆಯುವಾಗಲೇ ಓವನ್, ಫ್ರಿಜ್, ಗಾಜಿನ ಕಪಾಟಿನ ಪಟ್ಟಿ ಲಗತ್ತಿಸಿ ಇಬ್ಬರೂ ಸಹಿ ಹಾಕಿ. ಬಿಲ್ಲುಗಳನ್ನು ಎಸೆಯಬೇಡಿ. ಅವಧಿ 1 ವರ್ಷಕ್ಕಿಂತ ಜಾಸ್ತಿ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಸುಮ್ನೆ ನೋಟರಿ ಮಾಡಿಸಿದರೆ ಸಾಲದು.