ವರ್ಷವಿಡೀ ಓದಿದ ಕತೆ, ಕಾದಂಬರಿಗಳನ್ನು ಹಿಂತಿರುಗಿ ನೋಡುವ ಬಗೆ

ಪತ್ತೇದಾರಿ, ಐತಿಹಾಸಿಕ, ವೈಜ್ಞಾನಿಕ, ಸಾಮಾಜಿಕ ಎಂದು ಹಲವು ಬಗೆಯ ಕಾದಂಬರಿಗಳನ್ನು ಓದಿದವರು ಡಿಸೆಂಬರಿನಲ್ಲಿ ನೇರವಾಗಿ ‘ವರ್ಷದ ಅತ್ಯುತ್ತಮ ಹತ್ತು’ ಬರೆಯಲು ಕೂತರೆ ಕೆಲಸ ಅಲ್ಲೇ ಕೆಡುತ್ತದೆ. ಎಲ್ಲವನ್ನೂ ಒಂದೇ ಅಳತೆಗೋಲಿನಿಂದ ಅಳೆದಾಗ ಗಂಭೀರ ಎನ್ನಿಸಿಕೊಂಡವು ಸುಮ್ಮನೆ ಮೇಲೇರುತ್ತವೆ, ನಿದ್ದೆಗೆಡಿಸಿ ಓದಿಸಿಕೊಂಡವು ಪಟ್ಟಿಯಿಂದಲೇ ಜಾರುತ್ತವೆ. ಮೊದಲು ಲೆಕ್ಕ, ಆಮೇಲೆ ಆಯಾ ಪ್ರಕಾರದೊಳಗಿನ ಹೋಲಿಕೆ, ತೀರ್ಪು ಕೊನೆಗೆ. ಮೂವತ್ತು, ನಲವತ್ತು ಪುಸ್ತಕಗಳಿದ್ದರೆ ಎರಡೆರಡು ಗಂಟೆಯಂತೆ ಎರಡು ಸಲ ಕೂತರೆ ಸಾಕು. ನಡುವೆ ಒಂದೆರಡು ದಿನ ಬಿಡಿ.

ಪಟ್ಟಿ ಮಾಡುವಾಗ ನೆನಪನ್ನೊಂದೇ ನಂಬಬೇಡಿ. ಗ್ರಂಥಾಲಯದ ಎರವಲು ದಾಖಲೆ, ಕೊಂಡ ರಸೀದಿ, ಇ-ಪುಸ್ತಕ ಮತ್ತು ಆಡಿಯೋ ಆ್ಯಪ್‌ಗಳ ದಾಖಲೆ, ಫೋನಿನಲ್ಲಿರುವ ಮುಖಪುಟದ ಚಿತ್ರಗಳು ಎಲ್ಲವನ್ನೂ ಹುಡುಕಿ. ಜನವರಿಯಿಂದ ಶುರುಮಾಡಿ. ಇತ್ತೀಚೆಗೆ ಓದಿದ್ದು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹಿಂದಿನಿಂದ ಬರೆಯುತ್ತ ಬಂದರೆ ಮಾರ್ಚ್ ತಲುಪುವಷ್ಟರಲ್ಲಿ ಉತ್ಸಾಹ ಆರಿರುತ್ತದೆ. ಹೆಸರು, ಲೇಖಕರು, ಅನುವಾದಕರು, ಮೊದಲು ಪ್ರಕಟವಾದ ವರ್ಷ, ಕತೆ ನಡೆಯುವ ಕಾಲ, ಪುಟಗಳು, ಮುಗಿಸಿದ ತಿಂಗಳು, ಮುಖ್ಯ ಪ್ರಕಾರ, ಜೊತೆಯ ಪ್ರಕಾರ: ಒಂಬತ್ತು ಕಾಲಂ ಸಾಕು. ಕೇಳಿದ ಪುಸ್ತಕಕ್ಕೆ ಪುಟದ ಜಾಗದಲ್ಲಿ ಗಂಟೆ ಬರೆಯಿರಿ, ಪುಟಕ್ಕೆ ಪರಿವರ್ತಿಸಲು ಹೋಗಬೇಡಿ. ಅರ್ಧಕ್ಕೆ ಬಿಟ್ಟವೂ ಪಟ್ಟಿಯಲ್ಲಿ ಇರಲೇಬೇಕು, ಬಿಟ್ಟ ಪುಟದ ಸಂಖ್ಯೆಯೊಂದಿಗೆ.

ಜಗಳ ಹುಟ್ಟುವುದು ಪ್ರಕಾರ ಗುರುತಿಸುವಾಗ. ಮುಂದಿನ ಶತಮಾನದ ನಗರದಲ್ಲಿ ಕೊಲೆ ನಡೆದರೆ ಅದು ಪತ್ತೇದಾರಿಯೋ, ವೈಜ್ಞಾನಿಕವೋ? ಮುಖಪುಟವನ್ನೋ ಪ್ರಕಾಶಕರ ಮಾತನ್ನೋ ನೋಡದೆ, ನೀವು ಪುಟ ತಿರುವಿದ್ದು ಯಾವ ಪ್ರಶ್ನೆಗೆ ಎಂದು ಕೇಳಿಕೊಳ್ಳಿ. ‘ಯಾರು ಮಾಡಿದರು’ ಎಂದಾದರೆ ಪತ್ತೇದಾರಿ. ‘ಈ ಲೋಕ ನಡೆಯುವುದು ಹೇಗೆ’ ಎಂದಾದರೆ ವೈಜ್ಞಾನಿಕ ಅಥವಾ ಫ್ಯಾಂಟಸಿ. ‘ಇವರಿಬ್ಬರು ಒಂದಾಗುತ್ತಾರೆಯೇ’ ಎಂದಾದರೆ ಪ್ರಣಯ. ಎರಡನೆಯ ಎಳೆಗೆ ಜೊತೆಯ ಪ್ರಕಾರದ ಕಾಲಂ ಇದೆ. ಐತಿಹಾಸಿಕದಲ್ಲಿ ಬಹಳ ಮಂದಿ ಎಡವುತ್ತಾರೆ: ನೂರು ವರ್ಷದ ಹಿಂದೆ ತನ್ನದೇ ಕಾಲದ ಬಗ್ಗೆ ಬರೆದ ಕಾದಂಬರಿ ನಮಗೆ ಹಳೆಯದು, ಐತಿಹಾಸಿಕವಲ್ಲ. ಪ್ರಕಟವಾದ ವರ್ಷ ಮತ್ತು ಕತೆಯ ಕಾಲ ಎರಡನ್ನೂ ಬರೆಯಿರಿ ಎಂದಿದ್ದು ಇದಕ್ಕೇ.

ಲೆಕ್ಕ ಹಾಕುವಾಗ ಪ್ರತಿ ಪ್ರಕಾರದಲ್ಲಿ ಎಷ್ಟು ಪುಸ್ತಕ ಎನ್ನುವುದರ ಪಕ್ಕದಲ್ಲೇ ಎಷ್ಟು ಲೇಖಕರು ಎಂದೂ ಬರೆಯಿರಿ. ಎಂಟು ಪತ್ತೇದಾರಿ ಕಾದಂಬರಿಗಳೂ ಒಬ್ಬರವೇ ಆಗಿದ್ದರೆ ನೀವು ಓದಿರುವುದು ಒಬ್ಬ ಲೇಖಕರನ್ನು, ಆ ಪ್ರಕಾರವನ್ನಲ್ಲ. ಗಾತ್ರವೂ ದಾರಿ ತಪ್ಪಿಸುತ್ತದೆ. ವೈಜ್ಞಾನಿಕ ಮತ್ತು ಫ್ಯಾಂಟಸಿ ಬರಹಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ನಿಯಮದಲ್ಲಿ 7,500 ಪದಗಳೊಳಗಿನದು ಸಣ್ಣಕತೆ, 17,500ರಿಂದ 40,000ದವರೆಗಿನದು ಕಿರುಕಾದಂಬರಿ, ಅದಕ್ಕೆ ಮೇಲ್ಪಟ್ಟದ್ದು ಕಾದಂಬರಿ. ತೊಂಬತ್ತು ಪುಟದ್ದನ್ನೂ ಒಂಬೈನೂರು ಪುಟದ್ದನ್ನೂ ‘ಒಂದೊಂದು’ ಎಂದು ಎಣಿಸಿದರೆ ವರ್ಷದ ಚಿತ್ರವೇ ಸುಳ್ಳಾಗುತ್ತದೆ. ಪುಟಗಳ ಮೊತ್ತವನ್ನೂ ಪಕ್ಕದಲ್ಲಿಡಿ.

ಎರಡನೆಯ ಸಲ ಕೂತಾಗ, ಪುಸ್ತಕ ತೆರೆಯದೆ, ಪ್ರತಿಯೊಂದಕ್ಕೂ ನೆನಪಿರುವ ಒಂದು ದೃಶ್ಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಏನೂ ಬಾರದಿದ್ದರೆ ಖಾಲಿ ಬಿಡಿ, ಅದೂ ಮಾಹಿತಿಯೇ. ಆಮೇಲೆ ಆಯಾ ಪ್ರಕಾರಕ್ಕೆ ಅದರದೇ ಪ್ರಶ್ನೆ ಹಾಕಿ. ಪತ್ತೇದಾರಿಗೆ: ಸುಳಿವುಗಳೆಲ್ಲ ಓದುಗರ ಕಣ್ಣಿಗೂ ಬಿದ್ದಿದ್ದವೇ? ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಈ ಪ್ರಕಾರಕ್ಕೆಂದು 1929ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಇದೂ ಒಂದು, ಇವತ್ತಿಗೂ ಒಳ್ಳೆಯ ಒರೆಗಲ್ಲು. ಉತ್ತರ ಗೊತ್ತಾದ ಮೇಲೆ ಮೂರನೆಯ ಅಧ್ಯಾಯಕ್ಕೆ ಹಿಂತಿರುಗಿ ನೋಡಿ. ಸುಳಿವು ಅಲ್ಲೇ ಇದ್ದು ನಿಮ್ಮ ಕಣ್ತಪ್ಪಿದ್ದರೆ ಕಟ್ಟಿದವರು ಪಳಗಿದ ಕೈ. ವೈಜ್ಞಾನಿಕಕ್ಕೆ: ಆ ಹೊಸ ಕಲ್ಪನೆಯನ್ನು ಕಿತ್ತುಹಾಕಿದರೂ ಕತೆ ನಿಲ್ಲುತ್ತದೆಯೇ? ನಿಂತರೆ ಆ ಕಲ್ಪನೆ ಬರೀ ಅಲಂಕಾರ. ಐತಿಹಾಸಿಕಕ್ಕೆ: ಪಾತ್ರಗಳು ಆ ಕಾಲದವರಂತೆ ಯೋಚಿಸುತ್ತವೆಯೇ, ಇಲ್ಲ ಹಳೆಯ ಬಟ್ಟೆ ತೊಟ್ಟ ನಮ್ಮವರೇ? ಪ್ರಣಯದಲ್ಲಿ ಸುಖಾಂತ್ಯ ಮೊದಲೇ ಗೊತ್ತಿರುತ್ತದೆ, ಅದನ್ನು ದೋಷವೆಂದು ಬರೆಯುವುದು ಅನ್ಯಾಯ. ಅಡ್ಡಿ ನಿಜವಾದದ್ದೋ, ಒಂದು ಮಾತಾಡಿದ್ದರೆ ಬಗೆಹರಿಯುತ್ತಿತ್ತೋ ನೋಡಿ.

ನಕ್ಷತ್ರ ಕೊಡುವ ಪದ್ಧತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಫೆಬ್ರುವರಿಯ ನಾಲ್ಕು ನಕ್ಷತ್ರವೂ ನವೆಂಬರಿನ ನಾಲ್ಕೂ ಒಂದೇ ಅಲ್ಲ. ‘ಮತ್ತೆ ಓದುತ್ತೇನೆ’, ‘ಇಂಥವರಿಗೆ ಕೊಡುತ್ತೇನೆ’, ‘ಎರಡೂ ಇಲ್ಲ’ ಎಂಬ ಮೂರು ಗುರುತು ಸಾಕು. ಅನುವಾದವೊಂದು ಸಪ್ಪೆ ಎನಿಸಿದ್ದರೆ ಲೇಖಕರನ್ನು ದೂರುವ ಮೊದಲು ಬೇರೆ ಅನುವಾದ ಸಿಗುತ್ತದೆಯೇ ನೋಡಿ, ಅದರ ಮೊದಲ ಹತ್ತು ಪುಟ ಓದಿ.

ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಹೇಳುವುದು ಬಿಟ್ಟ ಪುಸ್ತಕಗಳೇ. ಮೂರು ಫ್ಯಾಂಟಸಿಗಳನ್ನು ನಲವತ್ತರಿಂದ ಅರವತ್ತನೆಯ ಪುಟದೊಳಗೆ ಬಿಟ್ಟಿದ್ದರೆ ‘ಈ ಪ್ರಕಾರ ನನಗಾಗದು’ ಎಂದು ಬರೆಯಬೇಡಿ. ಹೆಚ್ಚಾಗಿ ಅಲ್ಲಿ ಕಾಡುವುದು ಹೆಸರುಗಳ ಹೊರೆ. ಮುಂದಿನ ಸಲ ಸರಣಿ ಬಿಟ್ಟು ಒಂದೇ ಸಂಪುಟದಲ್ಲಿ ಮುಗಿಯುವುದನ್ನು ಆರಿಸಿ, ಪುಟಗುರುತಿನ ಚೀಟಿಯ ಮೇಲೆ ಹೆಸರು, ಊರು, ನಂಟು ಬರೆದುಕೊಳ್ಳುತ್ತ ಓದಿ. ಮುಕ್ಕಾಲು ದಾಟಿ ಬಿಟ್ಟಿದ್ದರೆ ಕಾರಣ ಬೇರೆ: ಒಂದೋ ಅಂತ್ಯ ಊಹೆಗೆ ಸಿಕ್ಕಿದೆ, ಇಲ್ಲವೇ ಪಾತ್ರದ ಮೇಲಿನ ಕಾಳಜಿ ಹೋಗಿದೆ. ನಡುವೆ ಎರಡು ವಾರ ಪುಸ್ತಕ ಮುಟ್ಟದೆ ಎಳೆ ತಪ್ಪಿದ್ದರೆ ಅದು ಪುಸ್ತಕದ ತಪ್ಪಲ್ಲ, ಮೊದಲಿನಿಂದ ಇನ್ನೊಮ್ಮೆ ಅವಕಾಶ ಕೊಡಿ.

ಇತರರಿಗಾಗಿ ಬರೆಯುವುದಾದರೆ ಕತೆಯ ಮೊದಲ ಕಾಲುಭಾಗ ದಾಟಬೇಡಿ. ‘ಕೊನೆಯಲ್ಲಿ ದೊಡ್ಡ ತಿರುವಿದೆ’ ಎನ್ನುವುದೂ ಗುಟ್ಟು ಬಿಟ್ಟುಕೊಟ್ಟಂತೆಯೇ, ಓದುವವರು ಅದಕ್ಕೇ ಕಾಯುತ್ತ ಕೂರುತ್ತಾರೆ.

ಮುಂದಿನ ವರ್ಷಕ್ಕೆ ಮೂರೇ ಪುಸ್ತಕ ನಿಗದಿ ಮಾಡಿ: ಮತ್ತೆ ಓದಬೇಕೆನಿಸಿದ್ದು ಒಂದು, ಒಬ್ಬರನ್ನೇ ಓದಿದ ಪ್ರಕಾರದಲ್ಲಿ ಬೇರೆ ಲೇಖಕರದು ಒಂದು, ಬಿಟ್ಟವುಗಳಿಂದ ಒಂದು. ಪ್ರತಿ ಪುಸ್ತಕ ಮುಗಿಸಿದ ದಿನವೇ ಹಿಂಬದಿಯ ಖಾಲಿ ಹಾಳೆಯಲ್ಲೋ ಚೀಟಿಯಲ್ಲೋ ತಾರೀಖು ಮತ್ತು ಒಂದು ವಾಕ್ಯ ಬರೆದಿಡಿ. ಎರವಲು ಪುಸ್ತಕವಾದರೆ ಚೀಟಿಯನ್ನು ಹಿಂತಿರುಗಿಸುವ ಮೊದಲು ತೆಗೆದುಕೊಳ್ಳಿ.