ಎರಡು ಓಣಿಗೆ ಒಂದೇ ಪಟ್ಟಿ

ನಮ್ಮ ಊರಲ್ಲಿ ಹಿಂದೂ ಓಣಿಗೂ ಮುಸ್ಲಿಂ ಓಣಿಗೂ ಗಲಾಟೆ ಆದಮೇಲೆ ಶಾಂತಿ ಸಭೆಯೂ ಆಯಿತು. ಪೊಲೀಸರು ಕರೆದರು, ಎರಡೂ ಓಣಿಯ ಹಿರಿಯರು ಬಂದು ಚಹಾ ಕುಡಿದು ಹೋದರು. ಸುಟ್ಟ ತಳ್ಳುಗಾಡಿಗಳು ಮಾತ್ರ ಹಾಗೇ ನಿಂತಿದ್ದವು. ಹಣ್ಣು ಮಾರುವವನಿಗೂ ದುಡಿಮೆ ಇಲ್ಲ, ಮಿರ್ಚಿ ಭಜಿ ಹಾಕುವವಳಿಗೂ ಇಲ್ಲ. ಒಲೆ ಹತ್ತದ ಮನೆಯಲ್ಲಿ ಸೌಹಾರ್ದದ ಮಾತು ಯಾರಿಗೆ ಹಿಡಿಸುತ್ತದೆ? ಅದಕ್ಕೇ ನಾವು ಕೆಲವರು ಮೊದಲು ಗಾಡಿಗಳಿಗೆ ದುಡ್ಡು ಹೊಂದಿಸಲು ಹೊರಟೆವು.

ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜಕ್ಕೆ ಅಂತ ತೆಗೆದಿಡುವ ದುಡ್ಡು ಕೇಳಿ ಅಂದರು ಹಲವರು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಎಂಥ ಕೆಲಸ ಅನ್ನುವುದಕ್ಕೆ 7ನೇ ಷೆಡ್ಯೂಲ್ ಇದೆ. ಶಿಕ್ಷಣ, ಆರೋಗ್ಯ, ಗ್ರಾಮೀಣ ಕ್ರೀಡೆ, ಸಾಂಪ್ರದಾಯಿಕ ಕಲೆ ಎಲ್ಲ ಅದರಲ್ಲಿವೆ. ಕೋಮು ಸೌಹಾರ್ದ ಅನ್ನುವ ಬಾಬತ್ತೇ ಇಲ್ಲ. ನಾವು ಹೋದ ಕಂಪನಿಯವರು 'ಸೂಕ್ಷ್ಮ ವಿಷಯ' ಅಂತ ಅರ್ಜಿ ವಾಪಸ್ ಕೊಟ್ಟರು. ಯಾವುದಾದರೂ ದೊಡ್ಡ ಸಂಸ್ಥೆಯ ಮೂಲಕ ವಿದೇಶಿ ದೇಣಿಗೆ ಪಡೆಯೋಣ ಅಂದರೆ ಅದೂ ಆಗುವುದಿಲ್ಲ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ (ಎಫ್‌ಸಿಆರ್‌ಎ) ತಿದ್ದುಪಡಿ ಆದಮೇಲೆ ಒಂದು ಸಂಸ್ಥೆ ಆ ಹಣವನ್ನು ಇನ್ನೊಂದಕ್ಕೆ ದಾಟಿಸುವ ಹಾಗಿಲ್ಲ.

ಉಳಿದದ್ದು ಪಟ್ಟಿ ಎತ್ತುವುದು, ಅಂದರೆ ಮನೆ ಮನೆಗೆ ಹೋಗಿ ಚಂದಾ ಕೂಡಿಸುವುದು. ನಮ್ಮ ಕಡೆ ಇದು ಹೊಸದೇನಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು. ಮುಸ್ಲಿಮರೇ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರನ್ನು, ಅಂದರೆ ಮೊಹರಂ ಪಂಜಾಗಳನ್ನು ಕೂರಿಸುತ್ತಾರೆ, ಇಡೀ ಊರು ಸೇರಿ ಖರ್ಚು ಹಾಕುತ್ತದೆ. ಆ ರೂಢಿಯನ್ನೇ ಹಿಡಿದೆವು.

ಇಬ್ಬಿಬ್ಬರಾಗಿ ಹೋದೆವು, ಓಣಿಗೊಬ್ಬರಂತೆ. ಪೆಟ್ಟು ತಿಂದ ಹುಡುಗನ ತಾಯಿ ಬಾಗಿಲಲ್ಲೇ ನಿಲ್ಲಿಸಿ ಬೈದರು. ನನ್ನ ಜೊತೆಗಿದ್ದ ಆಚೆ ಓಣಿಯ ಹುಡುಗ ಒಂದು ಮಾತೂ ಎದುರಾಡದೆ ಕೇಳಿಸಿಕೊಂಡ. ಅವತ್ತು ಆ ಮನೆಯಲ್ಲಿ ದುಡ್ಡು ಹುಟ್ಟಲಿಲ್ಲ. ಆದರೆ ಅಲ್ಲಿತನಕ ಬೆನ್ನ ಹಿಂದೆ ಆಡುತ್ತಿದ್ದ ಮಾತು ಎದುರಿಗೆ ಬಂತು. ನನ್ನ ಮಟ್ಟಿಗೆ ಅದೂ ವಸೂಲಿಯೇ.

ಲೆಕ್ಕದ ಪುಸ್ತಕಕ್ಕೆ ಒಂದೇ ಕಟ್ಟುನಿಟ್ಟು: ಓಣಿವಾರು ಪುಟ ಬೇಡ. ದುಡ್ಡು ಬಂದ ಹಾಗೆ ಹೆಸರು ಬರೆಯುತ್ತಾ ಹೋಗುವುದು. ಯಾವ ಕಡೆಯಿಂದ ಎಷ್ಟು ಬಂತು ಅಂತ ಯಾರೂ ಕೂಡಿಸಿ ನೋಡಬಾರದು. ತಿಂಗಳಿಗೊಮ್ಮೆ ಜಮಾ ಖರ್ಚನ್ನು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಗೋಡೆಗೆ ಅಂಟಿಸಿದೆವು. ಚುನಾವಣೆಗೆ ನಿಲ್ಲುವವರು ದೊಡ್ಡ ಮೊತ್ತ ಕೊಡಲು ಬಂದರು. ಬೇಡ ಅಂದೆವು. ಆ ದುಡ್ಡು ಮುಟ್ಟಿದ್ದರೆ ಅರ್ಧ ಊರು ಅವತ್ತೇ ಹಿಂದೆ ಸರಿಯುತ್ತಿತ್ತು.

ಗಾಡಿಗೆ ಕೊಟ್ಟದ್ದು ದಾನವಲ್ಲ, ಬಡ್ಡಿ ಇಲ್ಲದ ಸಾಲ. ಸಂತೆ ದಿನ ಕಂತು. ಜಾಮೀನು ಮಾತ್ರ ಆಚೆ ಓಣಿಯವರೇ ಹಾಕಬೇಕು. ಇದಕ್ಕೆ ಜಾಸ್ತಿ ವಾದ ಆಯಿತು. 'ನಮ್ಮವರೇ ಹಾಕಿದರೆ ಏನಾಗುತ್ತೆ?' ಅಂತ ಎರಡೂ ಕಡೆ ಕೇಳಿದರು. ನಾವು ಬಿಡಲಿಲ್ಲ. ಜಾಮೀನು ಹಾಕಿದವನಿಗೆ ಆ ಗಾಡಿ ನಡೆಯಬೇಕು ಅನ್ನುವ ಕಾಳಜಿ ತಾನಾಗೇ ಬರುತ್ತದೆ, ಅಲ್ವಾ? ಭಜಿ ಗಾಡಿಗೆ ಜಾಮೀನು ಹಾಕಿದ ಸೈಕಲ್ ರಿಪೇರಿಯವರು ಸಂಜೆ ಹೊತ್ತು ಅಲ್ಲೇ ತಿನ್ನಲು ಶುರು ಮಾಡಿದರು, ಗೆಳೆಯರನ್ನೂ ಕರೆತಂದರು. ಕಂತು ತಪ್ಪಿದವರೂ ಇದ್ದರು. ಆಗ ಜಾಮೀನುದಾರನೇ ಮನೆಗೆ ಹೋಗಿ ಕೂತು ವಿಚಾರಿಸಿದ. ವಾಪಸ್ ಬಂದ ದುಡ್ಡು ಮುಂದಿನ ಗಾಡಿಗೆ ಹೋಯಿತು.

ಆಮೇಲೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಂಡೆವು. ಅದಕ್ಕೆ ಕನಿಷ್ಠ ಏಳು ಜನ ಬೇಕು. ಬ್ಯಾಂಕ್ ಖಾತೆಗೆ ಎರಡು ಸಹಿ, ಓಣಿಗೊಂದು. ಸಿಎಸ್‌ಆರ್ ದುಡ್ಡಿಗೂ ಮತ್ತೆ ಕೈ ಹಾಕಿದೆವು. 2021ರ ಏಪ್ರಿಲ್‌ನಿಂದ ಆ ದುಡ್ಡಲ್ಲಿ ಕೆಲಸ ಮಾಡುವ ಸಂಸ್ಥೆಗೆ ಸಿಎಸ್‌ಆರ್-1 ಅನ್ನುವ ಸರ್ಕಾರಿ ನೋಂದಣಿ ಬೇಕೇ ಬೇಕು. ಅದೆಲ್ಲ ಮುಗಿಸಿ ಗ್ರಾಮೀಣ ಕ್ರೀಡೆ ಅಂತಲೇ ಕಬಡ್ಡಿ ಅಂಕಣಕ್ಕೆ ಕೇಳಿದೆವು. ತಂಡಗಳು ಎರಡೂ ಓಣಿ ಬೆರೆತೇ ಇರಬೇಕು ಅನ್ನುವುದನ್ನೂ ಅರ್ಜಿಯಲ್ಲಿ ಬರೆದೆವು. ಮ್ಯಾಟ್, ಲೈಟು ಬಂದವು.

2023ರಿಂದ 2025ರವರೆಗೆ ಮೂರೂ ವರ್ಷ ಗಣೇಶನ ಹಬ್ಬದ ದಿನಗಳಲ್ಲೇ ಈದ್ ಮಿಲಾದ್ ಬಂತು. ಮೆರವಣಿಗೆಯ ಹೊತ್ತು, ದಾರಿ ಹೊಂದಿಸಲು ಕಬಡ್ಡಿ ಹುಡುಗರೇ ಓಡಾಡಿದರು. ಕುಡಿಯುವ ನೀರು, ಸೀಟಿ, ಜಾಕೆಟ್‌ಗೆ ಪಟ್ಟಿ ದುಡ್ಡು ಸಾಕಾಯಿತು.

ಈಗ ಹೆಂಗಸರು ಹೊಲಿಗೆ ತರಬೇತಿ ಕೇಳುತ್ತಿದ್ದಾರೆ. ಯಂತ್ರಕ್ಕೆ ಕಂಪನಿ ದುಡ್ಡು ಸಿಗಬಹುದು. ಕೋಣೆ ಬಾಡಿಗೆಗೆ ದುಡ್ಡು ಕೊಡಲು ಮಾತ್ರ ಯಾರೂ ಒಪ್ಪುತ್ತಿಲ್ಲ. ಕೋಣೆ ಎರಡೂ ಓಣಿಗೆ ನಡುವೆಯೇ ಇರಬೇಕು, ಅಲ್ಲಿ ಬಾಡಿಗೆ ಜಾಸ್ತಿ. ಸುಗ್ಗಿ ಮುಗಿದು ಜನರ ಕೈಯಲ್ಲಿ ದುಡ್ಡು ಓಡಾಡುವಾಗ ಮತ್ತೆ ಪಟ್ಟಿ ಎತ್ತುತ್ತೇವೆ.