ಮುಖ ಕಾಣದಿದ್ದರೆ ಕಿವಿ ನೋಡಿ

ಚಿಂತಾಮಣಿಯ ನಮ್ಮ ಮನೆಯಲ್ಲಿ ಅಮ್ಮ ಅಕ್ಕಿ ಆರಿಸುವುದನ್ನು ಬಿಟ್ಟಾಗ ನಾವೆಲ್ಲ ಕಣ್ಣಿಗೆ ಪೊರೆ ಬಂದಿದೆ ಅಂದುಕೊಂಡೆವು. ಪೊರೆಯಲ್ಲ, ವಯಸ್ಸಿಗೆ ಮ್ಯಾಕುಲಾ ಸವೆದಿತ್ತು. ಮ್ಯಾಕುಲಾ ಅಂದರೆ ಕಣ್ಣಿನ ಹಿಂಭಾಗದ ಪರದೆ ರೆಟಿನಾದ ನಟ್ಟನಡುವಿನ ಪುಟ್ಟ ಜಾಗ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರಿಂದಲೇ. ಕನ್ನಡಕದ ನಂಬರ್ ಏರಿಸಿದರೆ ಇದು ಸರಿಹೋಗುವುದಿಲ್ಲ. ಆದರೆ ಸುತ್ತಲಿನ ನೋಟ ಉಳಿಯುತ್ತದೆ, ಅದನ್ನೇ ಪಳಗಿಸಬೇಕು.

ಹೇಗೆ ಅಂದರೆ, ಗೋಡೆ ಗಡಿಯಾರದ ಎದುರು ಕೂರಿಸಿ. ನಡುವೆ ನೋಡಿದರೆ ಮಸುಕು ಅಲ್ವಾ? ಈಗ 12ರ ಕಡೆ ನೋಡಲಿ, ಆಮೇಲೆ 3, 6, 9. ಯಾವ ಕಡೆ ನೋಡಿದಾಗ ಗಡಿಯಾರದ ನಡುಭಾಗ ಚೆನ್ನಾಗಿ ಕಾಣುತ್ತದೋ ಅದೇ ಅವರ ದಿಕ್ಕು. ಅಮ್ಮನಿಗೆ 3ರ ಕಡೆ, ಹಾಗಾಗಿ ನನ್ನ ಮುಖ ಕಾಣಬೇಕಾದರೆ ನನ್ನ ಕಿವಿಯ ಕಡೆ ನೋಡುತ್ತಾರೆ. ದಿನಾ ಹತ್ತು ನಿಮಿಷ ಸಾಕು, ಜಾಸ್ತಿ ಮಾಡಿದರೆ ಸುಸ್ತು. ಓದುವಾಗ ಕಣ್ಣನ್ನು ಅಲ್ಲೇ ನಿಲ್ಲಿಸಿ ಪೇಪರನ್ನು ಎಡಕ್ಕೆ ಸರಿಸುತ್ತಾ ಹೋಗಬೇಕು. ಮೊದಮೊದಲು ಅಮ್ಮ ಪೇಪರ್ ಬಿಸಾಕಿದ್ದೂ ಉಂಟು.

ದೀಪ ಹಿಂದಿನಿಂದ, ಭುಜದ ಪಕ್ಕದಿಂದ ಪುಟದ ಮೇಲೆ ಬೀಳಲಿ. ಎದುರಿಗಿಟ್ಟರೆ ಕಣ್ಣು ಕೋರೈಸುತ್ತದೆ. ಭೂತಗನ್ನಡಿಯನ್ನು ಅಂಗಡಿಯಲ್ಲಿ ಸುಮ್ನೆ ಆರಿಸಬೇಡಿ, ಲೋ ವಿಷನ್ (ಮಂದದೃಷ್ಟಿ) ವಿಭಾಗ ಇರುವ ಆಸ್ಪತ್ರೆಯಲ್ಲಿ ಕಣ್ಣಿಗೆ ತಕ್ಕದ್ದನ್ನು ನೋಡಿ ಹೇಳುತ್ತಾರೆ.

ಅಡುಗೆಮನೆಯಲ್ಲಿ ಕೆಲಸಕ್ಕೆ ಬರುವುದು ಬಣ್ಣದ ವ್ಯತ್ಯಾಸ. ಸ್ಟೀಲ್ ತಟ್ಟೆಯಲ್ಲಿ ಅನ್ನ ಕಾಣುವುದೇ ಇಲ್ಲ, ಬಾಳೆ ಎಲೆಯಲ್ಲಿ ಕಾಣುತ್ತದೆ. ಮುದ್ದೆಗೆ ಬಿಳಿ ತಟ್ಟೆ. ಹೊಸ್ತಿಲಿಗೆ ಅರಿಶಿನ ಬಳಿಯುವ ನಮ್ಮ ಪದ್ಧತಿ ಇಲ್ಲಿ ಎಷ್ಟು ಉಪಯೋಗಕ್ಕೆ ಬಂತು ನೋಡಿ, ಕಪ್ಪು ಕಲ್ಲಿನ ಮೆಟ್ಟಿಲ ಅಂಚಿಗೂ ಹಳದಿ ಪೇಂಟ್ ಎಳೆದೆವು. ದುಡ್ಡಿನ ನೋಟು ಗುರುತಿಸಲು ಬೆರಳು ಸಾಕು: ಅಂಚಿನ ಉಬ್ಬು ಗೆರೆಗಳು 100ರಲ್ಲಿ ನಾಲ್ಕು, 500ರಲ್ಲಿ ಐದು. ಹಳೇ ನೋಟಿನಲ್ಲಿ ಸವೆದಿರುತ್ತವೆ, ಆಗ ರಿಸರ್ವ್ ಬ್ಯಾಂಕಿನ MANI ಆ್ಯಪ್ ಎಷ್ಟರ ನೋಟು ಅಂತ ಬಾಯಿಬಿಟ್ಟು ಹೇಳುತ್ತದೆ.

ಇದೊಂದನ್ನು ಮಾತ್ರ ಮರೆಯಬೇಡಿ. ದಿನಾ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಡಾಕ್ಟರು ಕೊಟ್ಟ ಆಮ್ಸ್ಲರ್ ಚೌಕದ ಹಾಳೆ ನೋಡಬೇಕು. ನೆಟ್ಟಗಿದ್ದ ಗೆರೆ ಇದ್ದಕ್ಕಿದ್ದಂತೆ ಸೊಟ್ಟಗೆ ಕಂಡರೆ ಹಬ್ಬ ಮುಗಿಯಲಿ ಅಂತ ಕಾಯಬೇಡಿ. ಈ ಕಾಯಿಲೆಯ ಒಣ ಬಗೆ ನಿಧಾನ, ಒದ್ದೆ ಬಗೆಯಲ್ಲಿ ಹೊಸ ರಕ್ತನಾಳ ಸೋರಿ ಬೇಗ ನೋಟ ಹೋಗುತ್ತದೆ. ಅದಕ್ಕೆ ಕಣ್ಣಿನೊಳಗೆ ಇಂಜೆಕ್ಷನ್ ಇದೆ, ಮರಗಟ್ಟಿಸಿ ಕೊಡುತ್ತಾರೆ, ಮೊದಲು ಸಾಮಾನ್ಯವಾಗಿ ತಿಂಗಳಿಗೊಂದು. ವಿಟಮಿನ್, ಸತುವಿನ ಮಾತ್ರೆಯನ್ನು ಡಾಕ್ಟರು ಹೇಳಿದರೆ ಮಾತ್ರ ತೆಗೆದುಕೊಳ್ಳಿ, ಹೋದ ನೋಟವನ್ನು ಅದು ತರುವುದಿಲ್ಲ. ಬೀಡಿ ಸೇದುವವರು ಬಿಡಲೇಬೇಕು.

ಒಂದು ಸಂಜೆ ಅಮ್ಮ, ಅಂಗಳದಲ್ಲಿ ಯಾರೋ ಮಕ್ಕಳು ಕೂತಿದ್ದಾರೆ ಅಂದರು. ಯಾರೂ ಇರಲಿಲ್ಲ. ಗಾಳಿ ಸೋಕಿದೆ ಅಂತ ದೊಡ್ಡಮ್ಮ ತಾಯತ ಕಟ್ಟಿಸಲು ಹೊರಟರು. ನೋಟ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ, ಇದಕ್ಕೆ ಚಾರ್ಲ್ಸ್ ಬಾನೆಟ್ ಸಿಂಡ್ರೋಮ್ ಅನ್ನುತ್ತಾರೆ, ಹುಚ್ಚಲ್ಲ. ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ನೆಂಟರಿಗೂ ಹೇಳಿಡಿ. ಮದುವೆಮನೆಯಲ್ಲಿ "ನೋಡಿಯೂ ಮಾತಾಡಿಸಲಿಲ್ಲ, ಎಲ್ಲೋ ನೋಡ್ತಾರೆ" ಅಂತ ಮುನಿಸಿಕೊಳ್ಳುತ್ತಾರೆ. ನಾನ್ಯಾರು ಹೇಳು ನೋಡೋಣ ಅಂತ ಪರೀಕ್ಷೆ ಮಾಡುವುದು ಬೇಡ, ಬಂದವರು ಮೊದಲು ಹೆಸರು ಹೇಳಲಿ.